ಮನೆಗೊಂದು ಪೆಟ್ಟಿಗೆ ಜಲ್ಲಿ

ಒಣಗಿದ ಜಲ್ಲಿಯ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಳೆಗೆ ನೆನೆದ ಮಣ್ಣಿನ ವಾಸನೆಗಿಂತ ತಣ್ಣಗಿನದು, ಸ್ವಲ್ಪ ಕಬ್ಬಿಣದ ಒಗರು ಸೇರಿದ್ದು. ಆಯುಷ್ಯವೆಲ್ಲ ಕಟ್ಟಡದ ಕೆಲಸದಲ್ಲಿ ಕಳೆದ ನನಗೆ ಅದು ಅಡುಗೆಮನೆಯ ಒಗ್ಗರಣೆಯಷ್ಟೇ ಪರಿಚಿತ. ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ, ವಿಮಾನ ನಿಲ್ದಾಣದ ರಸ್ತೆ ಅಗಲ ಮಾಡುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಅದೇ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ಬಂತು.

ಆರ್.ಟಿ. ನಗರದ ಮನೆಯಿಂದ ದೇವನಹಳ್ಳಿಯ ಕಡೆಗೆ ಒಂದು ಮದುವೆಗೆ ಹೊರಟಿದ್ದೆ. ಯಲಹಂಕ ದಾಟಿ ಹುಣಸಮಾರನಹಳ್ಳಿ ಇನ್ನೂ ಬರಬೇಕು ಅನ್ನುವಷ್ಟರಲ್ಲಿ ಬಸ್ಸು ನಿಂತುಬಿಟ್ಟಿತು. ರಸ್ತೆ ಪಕ್ಕದ ಒಂದು ಹಳ್ಳಿಯ ಶಾಲೆಯನ್ನು ಯಂತ್ರ ಕೆಡವುತ್ತಿತ್ತು. ತಾರಸಿ ಆಗಲೇ ಉರುಳಿತ್ತು. ಧೂಳು ಏಳದಿರಲೆಂದು ಟ್ಯಾಂಕರಿನವನು ನೀರು ಹೊಡೆಯುತ್ತಿದ್ದ. ನಾನು ಬಸ್ಸಿನಿಂದ ಇಳಿದೆ. ಕಂಡಕ್ಟರು ಕೂಗಿದ್ದು ಕೇಳಿಸಿತು, ತಿರುಗಿ ನೋಡಲಿಲ್ಲ.

ಯಂತ್ರದ ಕೊಕ್ಕೆ ವರಾಂಡದ ನೆಲವನ್ನು ಬಗೆದಿತ್ತು. ಚಪ್ಪಡಿಗಳ ಕೆಳಗೆ ಮಣ್ಣು ಇರಬೇಕಾದ ಜಾಗದಲ್ಲಿ ಒಂದು ಗೇಣು ದಪ್ಪ ಜಲ್ಲಿ. ಕೈಯಲ್ಲಿ ಒಡೆದ ಮುಕ್ಕಾಲು ಇಂಚಿನ ಜಲ್ಲಿ. ಸಿಮೆಂಟಿನ ಒಂದು ಕಲೆ ಕೂಡ ಇಲ್ಲದೆ, ನೀರು ಬಿದ್ದು ನೀಲಿಯಾಗಿ ಹೊಳೆಯುತ್ತಿತ್ತು.

ಯಂತ್ರ ನಡೆಸುತ್ತಿದ್ದವನು ಮೂವತ್ತರ ಆಸುಪಾಸಿನ ಮನುಷ್ಯ. ಕೆಳಗಿದ್ದವನಿಗೆ ಕೂಗಿ ಹೇಳಿದ: "ನೋಡು ಗುರು, ಮಣ್ಣು ತುಂಬೋ ಕಡೆ ಇಷ್ಟೊಂದು ಜಲ್ಲಿ ಹಾಕಿದಾರೆ. ಯಾವನೋ ದಡ್ಡ."

ಆ ಶಾಲೆ ಕಟ್ಟಿಸಿದ ವರ್ಷ ನನಗೆ ಇಪ್ಪತ್ತಮೂರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಓವರ್‌ಸಿಯರ್ ಪರೀಕ್ಷೆ ಪಾಸು ಮಾಡಿ, ಜಾಲಹಳ್ಳಿಯಲ್ಲಿ ಕಾರ್ಖಾನೆಯವರ ವಸತಿ ಮನೆಗಳ ಕೆಲಸದಲ್ಲಿ ಒಂದು ವರ್ಷ ಕೈ ಪಳಗಿಸಿಕೊಂಡು, ಆಮೇಲೆ ಸರ್ಕಾರಿ ಕೆಲಸಕ್ಕೆ ಸೇರಿದ್ದೆ. ಯಲಹಂಕದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಸೈಕಲ್ಲಿನ ಹಿಂದೆ ಕಟ್ಟಿದ ಅಳತೆ ಪುಸ್ತಕ. ಹಳ್ಳಿಗಳಲ್ಲಿ ಶ್ರಮದಾನದ ಕಾಲ ಅದು. ಸಿಮೆಂಟು, ಕಬ್ಬಿಣ ಸರ್ಕಾರದ್ದು. ಕಲ್ಲು, ಮರಳು, ಜಲ್ಲಿ, ಮೈ ಬೆವರು ಊರಿನವರದ್ದು. ಹಾಗೆ ಕಟ್ಟುವ ಶಾಲೆಯೊಂದನ್ನು ನನ್ನ ತಲೆಗೆ ಕಟ್ಟಿದರು. ಸುತ್ತಿನ ಹಳ್ಳಿಗಳಲ್ಲೆಲ್ಲ ಅದೇ ಮೊದಲ ಕಾಂಕ್ರೀಟು ತಾರಸಿ.

ಊರಿನ ಹಿರಿಯರು ತಿಮ್ಮರಾಯಪ್ಪ ಅಂತ. ಅರಳಿಕಟ್ಟೆಯಲ್ಲಿ ಎಲ್ಲರನ್ನೂ ಕೂರಿಸಿ ನನ್ನ ಕಡೆ ತಿರುಗಿ ಕೇಳಿದರು: "ಎಷ್ಟು ಜಲ್ಲಿ ಬೇಕು ಅಂತ ನೀವೇಳಿ ಓವರ್ಸೀರ್ ಸಾಮಿ. ನೀವೇಳಿದಷ್ಟು ಒಡೀತೀವಿ. ಆದ್ರೆ ಒಂದು. ಪ್ರತಿ ಮನೆಯೋರೂ ಅವರವರ ಕೈಯಲ್ಲೇ ಒಡೀಬೇಕು. ಕೂಲಿ ಕೊಟ್ಟು ಒಡೆಸೋ ಅಂಗಿಲ್ಲ. ನಾಳೆ ಅದ್ರ ಕೆಳಗೆ ಕೂತ್ಕೊಳ್ಳೋವು ನಮ್ ಮಕ್ಳು."

ಲೆಕ್ಕ ಮಾಡುವುದು ನನಗೆ ಯಾವತ್ತೂ ಸಂತೋಷದ ಕೆಲಸ. ತಾರಸಿ, ತೊಲೆ ಎಲ್ಲ ಸೇರಿ ನಾನೂರು ಘನ ಅಡಿ ಕಾಂಕ್ರೀಟು. ನೂರು ಅಡಿ ಕಾಂಕ್ರೀಟಿಗೆ ತೊಂಬತ್ತು ಅಡಿ ಜಲ್ಲಿ ಅನ್ನುವುದು ನಮಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ. ಜಲ್ಲಿಯ ಸಂದಿಯಲ್ಲಿ ಮರಳು ಕೂರುತ್ತದೆ, ಮರಳಿನ ಸಂದಿಯಲ್ಲಿ ಸಿಮೆಂಟು. ಆದ್ದರಿಂದ ಅವೆರಡೂ ಹೆಚ್ಚಿನ ಜಾಗ ಕೇಳುವುದಿಲ್ಲ. ಅಲ್ಲಿಗೆ ಮುನ್ನೂರ ಅರವತ್ತು ಅಡಿ ಜಲ್ಲಿ. ಅಳೆಯಲು ಮರದ ಪೆಟ್ಟಿಗೆಯೊಂದನ್ನು ಮಾಡಿಸಿದ್ದೆ, ಸರಿಯಾಗಿ ಒಂದು ಚೀಲ ಸಿಮೆಂಟು ಹಿಡಿಯುವಂಥದ್ದು, ಒಂದೂಕಾಲು ಘನ ಅಡಿಯದು. ಆ ಪೆಟ್ಟಿಗೆಯಲ್ಲಿ ಇನ್ನೂರ ಎಂಬತ್ತೆಂಟು. ಚೆಲ್ಲುವುದು, ಮಣ್ಣಿಗೆ ಹೂತುಹೋಗುವುದು ಇರಲಿ ಎಂದು ಮುನ್ನೂರು. ಊರಿನಲ್ಲಿ ಅರವತ್ತು ಮನೆ. ಮನೆಗೆ ಐದು ಪೆಟ್ಟಿಗೆ. ಇಷ್ಟು ಚೆನ್ನಾಗಿ ಭಾಗವಾಗುವ ಲೆಕ್ಕ ನನ್ನ ನೌಕರಿಯಲ್ಲಿ ಮತ್ತೆ ಸಿಗಲಿಲ್ಲ. ಪುಸ್ತಕ ಮುಚ್ಚಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬಂಡೆಯಿಂದ ಗಾಡಿಗಳಲ್ಲಿ ಕಲ್ಲು ಬಂತು. ಮಳೆ ಬಿಟ್ಟ ದಿನಗಳಲ್ಲಿ ಬೆಳಗಾದರೆ ಊರೆಲ್ಲ ಸುತ್ತಿಗೆಯ ಸದ್ದು. ಒಡೆದವರು ಪುಟ್ಟಿಗಳಲ್ಲಿ ಹೊತ್ತು ತಂದು ನನ್ನ ಪೆಟ್ಟಿಗೆಗೆ ಸುರಿಯುತ್ತಿದ್ದರು. ನಾನು ಒಂದು ಪೆಟ್ಟಿಗೆಗೆ ಒಂದು ಗೀಟು ಹಾಕುತ್ತಿದ್ದೆ. ಅಂಚಿಗೆ ಸಮವಾಗಿ ಎಳೆಯಲೆಂದು ಒಂದು ಮರದ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟಿದ್ದೆ. ಅದನ್ನು ಯಾರೂ ಮುಟ್ಟಲಿಲ್ಲ. ತುಂಬಿ, ಅದರ ಮೇಲೆ ಇನ್ನು ಒಂದು ಕಲ್ಲೂ ನಿಲ್ಲದು ಅನ್ನುವಷ್ಟು ಪೇರಿಸಿ, ಆಮೇಲೆ ರಾಶಿಗೆ ಸುರಿಯುತ್ತಿದ್ದರು. ನಾನೊಮ್ಮೆ ಪಟ್ಟಿ ತೋರಿಸಿದಾಗ ಗೌರಮ್ಮ ಅನ್ನುವ ಹೆಂಗಸು ನಕ್ಕುಬಿಟ್ಟರು.

"ಮಾರೋ ರಾಗಿನಾ ಸಾಮಿ, ತಲೆ ಎಳೆಯಾಕೆ? ಇದು ಕೊಡೋದು. ಕೊಡೋದಕ್ಕೆ ಗೋಪುರ ಬರ್ಬೇಕು."

ಅಳೆದು ಮಾರುವಾಗ ಕೊಳಗದ ತಲೆ ಸವರುವುದು, ದಾನ ಕೊಡುವಾಗ ಗೋಪುರವಾಗಿ ಅಳೆಯುವುದು ಆ ಕಡೆಯ ಪದ್ಧತಿ. ಕೇಳಿ ನಾನೂ ನಕ್ಕೆ. ನಕ್ಕು, ಪುಸ್ತಕದಲ್ಲಿ ಒಂದೇ ಗೀಟು ಹಾಕಿದೆ. ಗೋಪುರಕ್ಕೆ ಗೀಟು ಹಾಕುವ ಕ್ರಮ ನಾನು ಓದಿದ ಪುಸ್ತಕದಲ್ಲಿ ಇರಲಿಲ್ಲ.

ಗೌರಮ್ಮನ ಗಂಡ ಚಿಕ್ಕಣ್ಣ ಊರಿನ ದರ್ಜಿ. ನಲವತ್ತು ದಾಟಿದವರು, ತೆಳ್ಳಗಿನ ಆಳು, ಮಾತು ಕಡಿಮೆ. ಶಾಲೆಯ ಜಾಗಕ್ಕೆ ಎದುರಾಗಿ ಅವರ ಮನೆ. ಜಗುಲಿಯ ಮೇಲೆ ಹೊಲಿಗೆ ಯಂತ್ರ. ನನ್ನ ಮಧ್ಯಾಹ್ನದ ಬುತ್ತಿಯನ್ನು ನಾನು ಅಲ್ಲೇ ಕೂತು ತಿನ್ನುತ್ತಿದ್ದೆ. ಚಿಕ್ಕಣ್ಣನ ಪಾಲಿನ ಐದು ಪೆಟ್ಟಿಗೆಯನ್ನು ಗೌರಮ್ಮನೇ ಒಡೆದಿದ್ದರು. ಗಂಡನ ಕೈಗೆ ಸುತ್ತಿಗೆ ಕೊಡಲು ಅವರಿಗೆ ಇಷ್ಟವಿರಲಿಲ್ಲ. "ಅವ್ರ ಬೆರಳು ಓದ್ರೆ ನಮ್ಮನೆ ಒಲೆ ಆರೋಯ್ತದೆ," ಅನ್ನುತ್ತಿದ್ದರು.

ಆ ದಿನಗಳಲ್ಲೇ ಚಿಕ್ಕಣ್ಣನಿಗೆ ಒಂದು ಷರ್ಟಿನ ಬಟ್ಟೆ ಕೊಟ್ಟೆ. ಅವರು ಬಟ್ಟೆಯನ್ನು ಬೆರಳಲ್ಲಿ ಅಳೆದು, "ಎರಡು ಗಿರೆ ಜಾಸ್ತಿ ತಂದಿದೀರಿ ಸಾಮಿ," ಅಂದರು. ಗಿರೆ ಅಂದರೆ ಎರಡೂಕಾಲು ಇಂಚು.

"ಕಡಿಮೆ ಬಿದ್ದರೆ ಕಷ್ಟ ಅಂತ ತಂದೆ. ಮಿಕ್ಕರೆ ನೀವೇ ಇಟ್ಟುಕೊಳ್ಳಿ."

"ಬಟ್ಟೆ ನಿಮ್ದು. ಮಿಕ್ಕಿದ್ದು ನಂದೆಂಗಾಯ್ತದೆ?"

ಷರ್ಟು ಕೊಟ್ಟಾಗ ಅದರ ಜೊತೆ ಒಂದು ಸಣ್ಣ ಗಂಟು ಇತ್ತು. ಕತ್ತರಿಸಿ ಉಳಿದ ತುಂಡುಗಳೆಲ್ಲ ಅದರಲ್ಲಿದ್ದವು, ಬೆರಳಗಲದ ಚೂರು ಕೂಡ. ಯಾರ ಬಟ್ಟೆ ಹೊಲಿದರೂ ಚಿಕ್ಕಣ್ಣ ಹಾಗೇ ಮಾಡುವುದಂತೆ. ಇದನ್ನು ತೆಗೆದುಕೊಂಡು ಏನು ಮಾಡಲಿ ಎಂದು ನಾನು ತಮಾಷೆ ಮಾಡಿದೆ. "ಎಷ್ಟು ಮಿಕ್ತು ಅಂತ ಗೊತ್ತಾದ್ರೆ, ಮುಂದಿನ್ಸಲ ಅಷ್ಟು ಕಮ್ಮಿ ತರ್ತೀರಿ," ಅಂದರು.

ಕಾರ್ತಿಕದ ಕೊನೆಗೆ ಗೋಡೆಗಳು ಏರಿದವು. ಸೆಂಟ್ರಿಂಗ್ ಹಲಗೆ ಕೂತು ಕಂಬಿ ಕಟ್ಟುವ ಕೆಲಸ ಶುರುವಾಯಿತು. ಸಿಮೆಂಟು ಬಂದು ತಿಮ್ಮರಾಯಪ್ಪನವರ ಕೊಟ್ಟಿಗೆ ಸೇರಿತು. ಬೆಳಗಿನ ಹೊತ್ತು ಯಲಹಂಕದಿಂದ ಸೈಕಲ್ ತುಳಿದರೆ ಎದುರಿಗಿನ ಎತ್ತು ಕಾಣದಷ್ಟು ಮಂಜು. ಆ ತೇವಕ್ಕೆ ಸಿಮೆಂಟು ಚೀಲದಲ್ಲೇ ಗಟ್ಟಿಯಾದರೆ ಮತ್ತೆ ಸಿಗುವ ಮಾತಿರಲಿಲ್ಲ. ತಾರಸಿ ಹಾಕುವ ದಿನ ಗೊತ್ತುಮಾಡಿದೆ.

ದಿನ ಹತ್ತಿರ ಬಂದ ಹಾಗೆ ನನಗೆ ದಿಗಿಲು ಹತ್ತಿಕೊಂಡಿತು. ಅದಕ್ಕೆ ಕಾರಣವಿತ್ತು. ಜಾಲಹಳ್ಳಿಯಲ್ಲಿದ್ದಾಗ ಒಂದು ತಾರಸಿಗೆ ಅರ್ಧದಲ್ಲಿ ಜಲ್ಲಿ ಮುಗಿದುಹೋಗಿತ್ತು. ಕಾಂಕ್ರೀಟು ಹಾಕುವುದನ್ನು ನಡುವೆ ನಿಲ್ಲಿಸಬಾರದು. ಹಳೆಯದು ಬಿಗಿದ ಮೇಲೆ ಹೊಸದು ಅದಕ್ಕೆ ಕೂಡಿಕೊಳ್ಳುವುದಿಲ್ಲ, ಅಲ್ಲೊಂದು ಬಿರುಕು ಉಳಿಯುತ್ತದೆ. ಅಲ್ಲಿ ಹಾಗೇ ಆಗಿ, ಮೊದಲ ಮಳೆಗೇ ಸೋರಿತು. ಲೆಕ್ಕ ಕೊಟ್ಟವನು ನಾನು. ಎಲ್ಲರೆದುರು ಬೈಸಿಕೊಂಡಿದ್ದೆ. ಆ ಬೈಗುಳ ನನ್ನ ಕಿವಿಯಿಂದ ಹೋಗಿರಲಿಲ್ಲ.

ನಮ್ಮ ಮೇಸ್ತ್ರಿ ಮುನಿಸ್ವಾಮಿ ಅನುಭವಸ್ಥ. ಜಲ್ಲಿಯ ರಾಶಿಯನ್ನು ಒಂದು ಸುತ್ತು ಹಾಕಿ ಬಂದು ಹೇಳಿದ: "ಸಾರ್, ನಂಗೇನೋ ಜಾಸ್ತೀನೇ ಕಾಣ್ತೈತೆ. ರಾಶೀನ ಚೌಕಕ್ಕೆ ಕಟ್ಟಿ ಒಂದ್ಸಲ ಟೇಪ್ ಹಿಡಿದ್ಬಿಡೋಣ. ಅರ್ಧ ದಿನದ ಕೆಲ್ಸ."

"ಪುಸ್ತಕದಲ್ಲಿ ಇದೆಯಲ್ಲ ಮುನಿಸ್ವಾಮಿ. ಮುನ್ನೂರು ಗೀಟು. ಗೀಟು ಸುಳ್ಳು ಹೇಳುತ್ತಾ?"

ನನಗೆ ಆ ಅರ್ಧ ದಿನ ದಂಡ ಅನ್ನಿಸಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಲೆಕ್ಕವನ್ನು ಮೇಸ್ತ್ರಿಯೊಬ್ಬ ಟೇಪು ಹಿಡಿದು ನೋಡುವುದು ಬೇಕಿರಲಿಲ್ಲ. ನೇರವಾಗಿ ತಿಮ್ಮರಾಯಪ್ಪನವರ ಹತ್ತಿರ ಹೋಗಿ, "ಮನೆಗೆ ಇನ್ನೊಂದು ಪೆಟ್ಟಿಗೆ ಜಲ್ಲಿ ಬೇಕು," ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ರಾಗಿ ಕೊಯ್ಲು ಶುರುವಾಗಿತ್ತು. ಊರೆಲ್ಲ ಹೊಲದಲ್ಲಿತ್ತು. "ಬೇಕೇ ಬೇಕಾ ಸಾಮಿ?" ಅಂದರು.

"ಬೇಕೇ ಬೇಕು."

"ಸರಿ ಬಿಡಿ. ನೀವೇಳಿದ ಮೇಲೆ ಮುಗೀತು."

ಈ ಎರಡು ಮಾತು ನಡೆಯಲು ಎಷ್ಟು ಹೊತ್ತು ಹಿಡಿಯಿತು? ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು. ಅಂದಿನಿಂದ ನಾನು ಎಷ್ಟೋ ದೊಡ್ಡ ಕಟ್ಟಡಗಳಿಗೆ ಲೆಕ್ಕ ಬರೆದಿದ್ದೇನೆ. ಪ್ರತಿ ಸಲವೂ "ಇನ್ನೊಂದಿಷ್ಟು ಇರಲಿ" ಎಂದು ಬರೆಯುವಾಗ ನನಗೆ ತಿಮ್ಮರಾಯಪ್ಪನವರ ಮುಖ ಕಾಣುತ್ತದೆ.

ಜನ ಕೊಯ್ಲು ಬಿಟ್ಟು ಬಂದರು, ಇಲ್ಲವೇ ಕೊಯ್ಲಿಗೆ ಹೋಗುವ ಮುಂಚೆ ಒಡೆದರು. ಈ ಜಲ್ಲಿಯನ್ನು ಮೊದಲಿನದರ ಪಕ್ಕದಲ್ಲಿ ಬೇರೆ ರಾಶಿ ಹಾಕಿಸಿದೆ. ಗೌರಮ್ಮ ಕೂಲಿ ಕೊಯ್ಲಿಗೆ ಹೋಗುತ್ತಿದ್ದವರು. ವರ್ಷದ ರಾಗಿ ಬರುವುದೇ ಆ ಕೆಲಸದಿಂದ. ಅವರು ಹೊಲಕ್ಕೆ ಹೋಗಿದ್ದಾಗ ಒಂದು ಬೆಳಿಗ್ಗೆ ಚಿಕ್ಕಣ್ಣ ತಾವೇ ಸುತ್ತಿಗೆ ತೆಗೆದುಕೊಂಡು ಮನೆ ಮುಂದಿನ ಹೊಂಗೆ ಮರದ ಕೆಳಗೆ ಕೂತರು.

ನಾನು ಮೇಲೆ ಕಂಬಿ ನೋಡುತ್ತಿದ್ದೆ. ಅವರ ಸುತ್ತಿಗೆಯ ಸದ್ದು ಕೇಳುತ್ತಿತ್ತು. ದಿನಾ ಒಡೆಯುವವರ ಸದ್ದಿಗೆ ಒಂದು ಲಯವಿರುತ್ತದೆ, ಇದಕ್ಕೆ ಇರಲಿಲ್ಲ. ಪಳಗಿದವರು ಕಲ್ಲಿನ ಸುತ್ತ ಹಗ್ಗದ ಸಿಂಬಿ ಇಟ್ಟು ಹೊಡೆಯುತ್ತಾರೆ, ಚೂರು ಹಾರದ ಹಾಗೆ. ಚಿಕ್ಕಣ್ಣನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಮೇಲಿನಿಂದ ನೋಡುತ್ತಲೇ ಇದ್ದೆ, ಇಳಿದು ಹೋಗಿ ಹೇಳಬೇಕು ಅಂದುಕೊಂಡೆ, ಈ ತೊಲೆಯ ಕಂಬಿ ಎಣಿಸಿ ಮುಗಿಸಿ ಹೋಗೋಣ ಅಂದುಕೊಂಡೆ. ಎಣಿಸುತ್ತಿರುವಾಗಲೇ ಸದ್ದು ನಿಂತಿತು.

ಓಡಿಹೋದಾಗ ಚಿಕ್ಕಣ್ಣ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು. ಬೆರಳ ಸಂದಿಯಲ್ಲಿ ರಕ್ತ ತೆಳ್ಳಗೆ ಇಳಿಯುತ್ತಿತ್ತು. ಕೂಗಾಡಲಿಲ್ಲ. ಎದುರಿಗಿದ್ದ ಪೆಟ್ಟಿಗೆಯನ್ನು ಇನ್ನೊಂದು ಕೈಯಲ್ಲಿ ತೋರಿಸಿ, "ಇನ್ನೊಂದೆರಡು ಬೊಗಸೆ ಬೇಕಿತ್ತು ಸಾಮಿ," ಅಂದರು.

ಗಾಡಿಯಲ್ಲಿ ಯಲಹಂಕಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಬ್ಬಾಳದ ಕೆರೆ ಏರಿಯ ಮೇಲೆ ಬಸ್ಸು ಕುಲುಕಿದಾಗಲೆಲ್ಲ ಅವರು ನನ್ನ ಮೊಣಕೈಯನ್ನು ಹಿಡಿಯುತ್ತಿದ್ದರು. ಗೌರಮ್ಮ ಹೊಲದಿಂದ ಬಂದ ಸೀರೆಯಲ್ಲೇ, ಸೆರಗಿನಲ್ಲಿ ರಾಗಿ ತೆನೆಯ ಹೊಟ್ಟು ಅಂಟಿಸಿಕೊಂಡೇ ಎದುರಿನ ಸೀಟಿನಲ್ಲಿ ಕೂತಿದ್ದರು. ಡಾಕ್ಟರು ಕಣ್ಣು ಉಳಿಯುವುದಿಲ್ಲ ಅಂದರು. ಉಳಿಯಲಿಲ್ಲ.

ಮೂರನೆಯ ದಿನ ಗೌರಮ್ಮ ಒಬ್ಬರೇ ಊರಿಗೆ ಬಂದರು. ಹೊಂಗೆ ಮರದ ಕೆಳಗೆ ಕೂತು ಉಳಿದ ಕಲ್ಲು ಒಡೆದು, ಆ ಪೆಟ್ಟಿಗೆಯನ್ನು ತುಂಬಿಸಿ, ನಾನು ಬೇಡ ಬೇಡ ಅಂದರೂ ಕೇಳದೆ ಹೊಸ ರಾಶಿಗೆ ಸುರಿದರು. ಗೋಪುರವಿತ್ತು. ನಾನು ಗೀಟು ಹಾಕಲಿಲ್ಲ. "ಗೀಟು ಆಕಿ ಸಾಮಿ, ನಮ್ಮನೇದು ಬಾಕಿ ಅನ್ನಬಾರದು," ಅಂದರು. ಹಾಕಿದೆ.

ತಾರಸಿ ಹಾಕುವ ದಿನ ಊರಿಗೆ ಊರೇ ಸಾಲು ನಿಂತಿತು. ಮಂಜು ಸರಿಯುವ ಮುಂಚೆ ಶುರು ಮಾಡಿ ಹೊತ್ತು ಮುಳುಗುವಷ್ಟರಲ್ಲಿ ಮುಗಿಸಿದೆವು. ಬಾಣಲಿ ಕೈಯಿಂದ ಕೈಗೆ ಹೋಗುತ್ತಿತ್ತು, ತಮಟೆ ಬಾರಿಸುತ್ತಿದ್ದರು. ನಾನು ಜಲ್ಲಿಯ ರಾಶಿಯನ್ನೇ ನೋಡುತ್ತಿದ್ದೆ. ಮಧ್ಯಾಹ್ನವಾಯಿತು, ತಾರಸಿ ಅರ್ಧ ದಾಟಿತು, ಮೊದಲ ರಾಶಿ ಅರ್ಧ ಕೂಡ ಕರಗಿರಲಿಲ್ಲ. ಸಂಜೆ ಕೊನೆಯ ಬಾಣಲಿ ಮೇಲೆ ಹೋದಾಗ ಮೊದಲ ರಾಶಿಯಲ್ಲೇ ಇನ್ನೂ ಮಿಕ್ಕಿತ್ತು. ಎರಡನೆಯ ಸಲ ಕೇಳಿ ಒಡೆಸಿದ ರಾಶಿಗೆ ಸಲಿಕೆ ತಾಗಿರಲಿಲ್ಲ.

ಮುನ್ನೂರು ಗೋಪುರಗಳು. ಆಗ ಹೊಳೆಯಿತು. ಮುನಿಸ್ವಾಮಿ ನನ್ನ ಪಕ್ಕ ಬಂದು ನಿಂತ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮರುದಿನವೇ ನಾನು ಮಾಡಿದ ಕೆಲಸವನ್ನು ಈಗ ಬರೆಯುವಾಗಲೂ ಕೈ ಹಿಂದೆಗೆಯುತ್ತದೆ. ಚಿಕ್ಕಣ್ಣ ಆಸ್ಪತ್ರೆಯಿಂದ ಬರುವ ಮುಂಚೆ ಆ ರಾಶಿ ಅಲ್ಲಿರಬಾರದು ಅನ್ನಿಸಿತು. ವರಾಂಡಕ್ಕೆ ಮಣ್ಣು ತುಂಬಿ ಚಪ್ಪಡಿ ಹಾಸಬೇಕಿತ್ತು. ಮಣ್ಣು ಬೇಡ, ಜಲ್ಲಿ ತುಂಬಿ ಅಂದೆ. ಮಕ್ಕಳು ಓಡಾಡುವ ಜಾಗ, ಗಟ್ಟಿ ಇರಬೇಕು ಅಂದೆ. ಊರಿನವರು ನಂಬಿದರು. "ಓವರ್ಸೀರ್ ಸಾಮಿ ಎಲ್ಲಾ ಮೊದಲೇ ಯೋಚ್ನೆ ಮಾಡವ್ರೆ," ಎಂದು ತಿಮ್ಮರಾಯಪ್ಪನವರು ಹತ್ತು ಜನರ ಎದುರು ಹೇಳಿದರು. ಆದರೆ ನನ್ನ ಆತುರಕ್ಕೆ ಆಳು ಸಾಲಲಿಲ್ಲ, ಎಲ್ಲರೂ ಕಣದಲ್ಲಿದ್ದರು. ವಾರವಾದರೂ ಕೆಲಸ ಮುಗಿಯಲಿಲ್ಲ. ಅಷ್ಟರಲ್ಲಿ ಚಿಕ್ಕಣ್ಣ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು ತಮ್ಮ ಜಗುಲಿಯ ಮೇಲೆ ಕೂತರು. ಕೊನೆಯ ಪುಟ್ಟಿಗಳು ವರಾಂಡಕ್ಕೆ ಬಿದ್ದದ್ದು ಅವರ ಎದುರಿಗೇ. ಒಂದೇ ಕಣ್ಣು, ಅದರಲ್ಲಿ ಏನು ಕಂಡೀತು ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಶಾಲೆ ತೆರೆಯಿತು. ದೊಡ್ಡವರು ಯಾರೋ ಬಂದು ಮಾತಾಡಿದರು, ನನಗೂ ಒಂದು ಹಾರ ಬಿತ್ತು. ನನಗೆ ಬೇರೆ ಕಡೆಗೆ ವರ್ಗವಾಗಿತ್ತು. ಹೊರಡುವ ಮುಂಚೆ ಚಿಕ್ಕಣ್ಣನಿಗೆ ಹೇಳಿ ಹೋಗಲು ಜಗುಲಿ ಹತ್ತಿದೆ. ಅವರು ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಸೂಜಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಮತ್ತೆ, ಮತ್ತೆ. ಕೊನೆಗೆ ಗೌರಮ್ಮ ಒಳಗಿನಿಂದ ಬಂದು, ದಾರ ಪೋಣಿಸಿ ಒಳಗೆ ಹೋದರು.

"ಕೂತ್ಕೊಳ್ಳಿ ಸಾಮಿ," ಅಂದರು ಚಿಕ್ಕಣ್ಣ. ಸ್ವಲ್ಪ ಹೊತ್ತು ಎದುರಿಗಿನ ಶಾಲೆಯನ್ನು ನೋಡಿದರು. ಆಮೇಲೆ ಕೇಳಿದರು: "ನಮ್ಮನೇದು ಆ ಕೊನೇ ಪೆಟ್ಟಿಗೆ, ತಾರಸಿಗೆ ಓಯ್ತಾ?"

"ಹೋಯಿತು ಚಿಕ್ಕಣ್ಣ. ನಡುವಿನ ತೊಲೆಯಲ್ಲೇ ಇದೆ," ಅಂದೆ. ಇಷ್ಟು ಸರಾಗವಾಗಿ ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಅವರು ಯಂತ್ರದ ಗಾಲಿಯ ಮೇಲೆ ಕೈ ಇಟ್ಟರು. ತಿರುಗಿಸಲಿಲ್ಲ.

"ಇಲ್ಲೇ ಕೂತು ನೋಡ್ತಿದ್ದೆ ಸಾಮಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಲೆಕ್ಕ ಎಚ್ಚುಕಮ್ಮಿ ಆಗೋದು ಸಹಜ. ನಂದೂ ಆಯ್ತದೆ. ಮಿಕ್ತು ಅಂತ ಒಂದು ಮಾತು ಏಳಿದ್ರೆ ಸಾಕಾಗಿತ್ತು."

ರಸ್ತೆಯಲ್ಲಿ ತಿಮ್ಮರಾಯಪ್ಪನವರು, ಇನ್ನೂ ನಾಲ್ಕು ಜನ ನನ್ನನ್ನು ಬೀಳ್ಕೊಡಲು ಬರುತ್ತಿದ್ದರು. ಹಾರ ಇನ್ನೂ ನನ್ನ ಕೈಯಲ್ಲಿತ್ತು. "ಬರ್ತೀನಿ ಚಿಕ್ಕಣ್ಣ," ಅಂದು ಎದ್ದುಬಿಟ್ಟೆ. ಅವರು ಎದ್ದು ಕೈ ಮುಗಿದರು.

ಮುಂದಿನ ವರ್ಷಗಳಲ್ಲಿ ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದೆ. ಜಗುಲಿಯ ಮೇಲೆ ಯಂತ್ರ ಕಾಣುತ್ತಿತ್ತು, ಅದರ ಹಿಂದೆ ಅವರು. ಇಳಿಯಲಿಲ್ಲ. ಬರುವ ಸಲ ಇಳಿಯೋಣ ಅನ್ನುತ್ತ ಹೋದೆ. ಒಂದು ವರ್ಷ ನೋಡಿದರೆ ಜಗುಲಿ ಖಾಲಿ ಇತ್ತು. ಇನ್ನೊಂದು ವರ್ಷ ಆ ಮನೆಯೇ ಇರಲಿಲ್ಲ.

ಯಂತ್ರದವನು ಕೊಕ್ಕೆಯನ್ನು ಮತ್ತೆ ಇಳಿಸಲು ಎತ್ತಿದ್ದ. ನಾನು ಹಗ್ಗದ ಬೇಲಿ ದಾಟಿ ವರಾಂಡದ ಅಂಚಿಗೆ ಹೋದೆ. ಮದುವೆಗೆಂದು ಉಟ್ಟ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು, ಒಂದು ಬೊಗಸೆ ಜಲ್ಲಿ ಎತ್ತಿಕೊಂಡೆ. ತಣ್ಣಗಿತ್ತು. ಪೆಟ್ಟಿಗೆ ತುಂಬಲು ಇಂಥ ಇನ್ನೊಂದೆರಡು ಬೊಗಸೆ ಬೇಕಿತ್ತು ಅಂದಿದ್ದರಲ್ಲ.

"ರೀ ಅಂಕಲ್, ಆ ಕಡೆ ಹೋಗ್ರಿ! ಮೇಲೆ ಬಿದ್ದುಬಿಟ್ರೆ ಯಾರ್ರೀ ಜವಾಬ್ದಾರಿ?"

"ಆ ದಡ್ಡ ನಾನೇ ಕಣಪ್ಪ," ಅಂದೆ. "ಜಲ್ಲಿ ಮಿಕ್ಕಿತ್ತು."

ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಕಿವಿಯ ಹಿಂದೆ ಕೈ ಇಟ್ಟು, "ಏನ್ರೀ?" ಅಂದ.

ಎದುರಿಗೆ ಆ ಜಗುಲಿ ಇದ್ದ ಜಾಗದಲ್ಲಿ ಈಗ ರಸ್ತೆಯ ಜಲ್ಲಿ ಸುರಿದಿದ್ದರು. ಅದರ ಕಡೆಗೆ ತಿರುಗಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ:

"ಮಿಕ್ಕಿತ್ತು, ಚಿಕ್ಕಣ್ಣ."